ಹಿಂದಿನಿಂದ ಹತ್ತುವ ಕುರ್ಚಿ

ಹಾರ್ಲನ್ ಟ್ವೇಟ್ ಆರಡಿ ನಾಲ್ಕಂಗುಲದ ಮನುಷ್ಯ. ಐದಡಿಯ ಆರ್ಡಿಸ್‌ಳನ್ನು ಮದುವೆಯಾದ ವರ್ಷ, ಆ ಸಂಭ್ರಮದಲ್ಲಿ ಅಡುಗೆಮನೆಗೆ ತನ್ನ ಕೈಯಾರೆ ಮರದ ಕಪಾಟುಗಳನ್ನು ಮಾಡಿ ಗೋಡೆಗೆ ಕೂರಿಸಿದ. ಎಷ್ಟು ಎತ್ತರಕ್ಕೆ ಕೂರಿಸಬೇಕೆಂದು ತಿಳಿಯಲು ತನ್ನ ಕೈಯನ್ನೇ ಮೇಲೆತ್ತಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಅಡುಗೆ ಮಾಡುವವಳು ಬೇರೆಯವಳು ಎಂಬ ಸಂಗತಿ ಹೊಳೆಯುವ ಹೊತ್ತಿಗೆ ಬಣ್ಣ ಒಣಗಿತ್ತು.

ಆರ್ಡಿಸ್ ಕತ್ತೆತ್ತಿ ನೋಡಿದಳು. "ತುಂಬಾ ಸಾಮಾನು ಹಿಡಿಯುತ್ತೆ," ಎಂದಳು. ಅಷ್ಟೇ. ಅಂದಿನಿಂದ ಮೇಲಿನ ಸಾಲಿನ ಡಬ್ಬಿ ಬೇಕಾದಾಗಲೆಲ್ಲ ಕೆಳಗಿನ ಡ್ರಾಯರನ್ನು ಎಳೆದು, ಅದರ ಅಂಚಿನ ಮೇಲೆ ಕಾಲಿಟ್ಟು ಹತ್ತುತ್ತಿದ್ದಳು. ಹೀಗೆ ಹತ್ತಿ ಇಳಿದು, ಹತ್ತಿ ಇಳಿದು ಅವರ ಸಂಸಾರ ಸುಖವಾಗಿಯೇ ಸಾಗಿತು. ಮಕ್ಕಳು ಬೆಳೆದು ತಮ್ಮ ತಮ್ಮ ಮನೆ ಸೇರಿದರು. ಹಾರ್ಲನ್ ಹಾಲ್ಸ್‌ಬಿ ಊರಿನ ಧಾನ್ಯದ ಗೋದಾಮಿನಲ್ಲಿ ಮುಸುಕಿನ ಜೋಳ ತೂಗಿ ತೂಗಿ ನಿವೃತ್ತನಾದ. ಅವನು ನಿವೃತ್ತನಾದ ವರ್ಷವೇ ಡ್ರಾಯರು ಕೂಡ ನಿವೃತ್ತಿ ತೆಗೆದುಕೊಂಡಿತು. ಒಂದು ಬೆಳಿಗ್ಗೆ ಆರ್ಡಿಸ್, ಹಿಟ್ಟಿನ ಡಬ್ಬಿ, ಡ್ರಾಯರಿನಲ್ಲಿದ್ದ ಅಷ್ಟೂ ಚಮಚಗಳು ಒಟ್ಟಿಗೇ ನೆಲಕ್ಕೆ ಬಂದವು.

ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಸುದ್ದಿ ಪಕ್ಕದೂರಿಗೆ ಹೋಗಿ ಡ್ವೇನ್‌ನ ಕಿವಿಗೆ ಬಿತ್ತು. ತನ್ನದೇ ಎರಡು ಮೂಳೆ ಮುರಿದಿದ್ದರೂ ಹಾರ್ಲನ್‌ಗೆ ಅಷ್ಟು ನೋವಾಗುತ್ತಿರಲಿಲ್ಲ.

ಡ್ವೇನ್ ಎಂದರೆ ಆರ್ಡಿಸ್‌ಳ ತಂಗಿ ಕಾರ್ಲಾಳ ಗಂಡ, ಹಾರ್ಲನ್‌ನ ಷಡ್ಡಕ. ಹುಟ್ಟುವಾಗಲೇ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡು ಬಂದವನು. ಅವನ ಮದುವೆಯ ಫೋಟೋ ನೋಡಿದರೆ ಕೋಟಿನ ಜೇಬಿನಲ್ಲಿ ಅಳತೆಯ ಟೇಪು ಉಬ್ಬಿಕೊಂಡಿರುವುದು ಕಾಣುತ್ತದೆ. ಹಿಂದಿನ ವಸಂತದಲ್ಲಿ ಹಾರ್ಲನ್ ಅಡುಗೆಮನೆಯ ನಲ್ಲಿಯನ್ನು ತಾನೇ ರಿಪೇರಿ ಮಾಡಲು ಹೋಗಿ, ನೀರು ನೆಲಮಾಳಿಗೆಗಿಳಿದು ಆಲೂಗಡ್ಡೆಗಳು ತೇಲಾಡತೊಡಗಿದಾಗ ಓಡಿ ಬಂದವನೂ ಡ್ವೇನನೇ. ಬಂದ, ಏನನ್ನೋ ಒಂದು ಸುತ್ತು ತಿರುಗಿಸಿದ, ನೀರು ನಿಂತಿತು. ಆಮೇಲೆ ಒಂದು ಮಾತೂ ಆಡದೆ ಮುಗುಳ್ನಕ್ಕು, ಸೇಬಿನ ಪೈ ತಿಂದು ಹೊರಟುಹೋದ. ಬೈದಿದ್ದರೆ ಹಾರ್ಲನ್ ಹೇಗೋ ಬದುಕಿಕೊಳ್ಳುತ್ತಿದ್ದ. ಆ ಮುಗುಳ್ನಗೆ ಮಾತ್ರ ಈಗಲೂ ಊಟದ ನಡುವೆ ನೆನಪಾಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಈಗ ಡ್ವೇನ್ ಆರ್ಡಿಸ್‌ಳನ್ನು ನೋಡಿಕೊಂಡು ಹೋಗಲು ಬಂದು, ಕಪಾಟುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ.

"ಆರ್ಡಿಸ್, ಇದೆಲ್ಲಾ ಕಿತ್ತು ಬಿಸಾಕಿ, ನಿನ್ನ ಎತ್ತರಕ್ಕೆ ಹೊಸದು ಮಾಡ್ಕೊಡ್ತೀನಿ. ಮರ ನನ್ನ ಹತ್ರಾನೇ ಬಿದ್ದಿದೆ."

"ಅಯ್ಯೋ ಬೇಡಪ್ಪ, ನಿಂಗ್ಯಾಕೆ ತೊಂದ್ರೆ."

"ತೊಂದ್ರೆ ಏನ್ಬಂತು, ಒಂದು ತಿಂಗಳ ಕೆಲ್ಸ."

"ಛೆ ಛೆ, ನಿಂಗೆ ನೂರೆಂಟು ಕೆಲ್ಸ ಇರುತ್ತೆ. ಬೇಡ."

ಡ್ವೇನ್ ತಲೆಯಾಡಿಸಿ ಕಾಫಿ ಕುಡಿದು ಹೋದ. ಆದರೆ ಹಾರ್ಲನ್ ಬೆರಳು ಮಡಚಿ ಎಣಿಸಿ, ಎರಡಾಯಿತೆಂದು ಕಂಗಾಲಾದ. ಏಕೆಂದರೆ ಅಮೆರಿಕದ ಮಿನ್ನೆಸೋಟದ ಆ ಸೀಮೆಯಲ್ಲಿ ಎರಡು ಸಲ ಬೇಡ ಎಂದರೆ ಬೇಡ ಎಂದಲ್ಲ. ಕಾಫಿಯಾಗಲಿ, ಕಾರು ತಳ್ಳುವುದಾಗಲಿ, ಯಾರು ಏನೇ ಕೊಡಲು ಬಂದರೂ ಎರಡು ಸಲ ಒಲ್ಲೆ ಎನ್ನುವುದು ಮರ್ಯಾದೆ. ಮೂರನೆಯ ಸಲ ಕೇಳಿದಾಗ ಒಪ್ಪಿಕೊಳ್ಳುವುದು ಕಡ್ಡಾಯ. ಮೊದಲ ಸಲಕ್ಕೇ ಕೈಚಾಚಿದವನನ್ನು ಆಸೆಬುರುಕ ಎಂದು ಕ್ಷಮಿಸಿಯಾರು. ಮೂರನೆಯ ಸಲವೂ ಬೇಡ ಎಂದರೆ ಅದು ನೆಂಟಸ್ತನವನ್ನೇ ಹರಿದುಕೊಂಡಂತೆ. ಡ್ವೇನ್ ಇನ್ನೊಂದು ಸಲ ಕೇಳುವುದು ಖಂಡಿತ. ಕೇಳಿದನೆಂದರೆ ಮುಗಿಯಿತು. ಹಾರ್ಲನ್ ತನ್ನ ಜೀವಮಾನದಲ್ಲಿ ಕೈಯಾರೆ ಮಾಡಿ, ಕುಸಿಯದೆ ಸೋರದೆ ನಿಂತ ಏಕೈಕ ವಸ್ತು ಒಲೆಯ ಸೌದೆಯಾಗಲಿತ್ತು.

ಕಪಾಟನ್ನು ಕೆಳಗಿಳಿಸುವ ಬದಲು ಹೆಂಡತಿಯನ್ನೇ ಮೇಲೇರಿಸಿದರೆ? ಈ ಯೋಚನೆ ಬಂದದ್ದೇ ತಡ, ಹಾರ್ಲನ್ ಟ್ರಕ್ಕು ಹತ್ತಿ ಜಿಲ್ಲಾ ಪಟ್ಟಣದ ದೊಡ್ಡ ಅಂಗಡಿಗೆ ಹೊರಟ.

ಅಲ್ಲಿ ಅವನಿಗೆ ಬೇಕಾದದ್ದೇ ಕಾದಿತ್ತು. ಅವನ ತಾಯಿಯ ಕಾಲದಲ್ಲಿ ಎಲ್ಲರ ಅಡುಗೆಮನೆಯಲ್ಲೂ ಇದ್ದಂಥ ಮೆಟ್ಟಿಲು ಕುರ್ಚಿ: ಫಳಫಳ ಹೊಳೆಯುವ ಕಾಲುಗಳು, ಚೆರ್ರಿ ಹಣ್ಣಿನ ಕೆಂಪಿನ ಮೆತ್ತನೆಯ ಆಸನ, ಮೊಣಕಾಲೆತ್ತರದ ಗಿಡ್ಡ ಬೆನ್ನೊರಗು, ಆಸನದ ಕೆಳಗೆ ಮಡಚಿ ಕೂತಿರುವ ಎರಡು ಮೆಟ್ಟಿಲು. ಮೆಟ್ಟಿಲು ಹೊರಗೆಳೆದರೆ ಏಣಿ, ಒಳಗೆ ತಳ್ಳಿದರೆ ಕುರ್ಚಿ. ಹಳೆಯ ಕಾಲದ ಮಾದರಿ, ಹೊಸ ಸರಕು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತಿತ್ತು.

"ಇಲ್ಲೇ ಜೋಡಿಸಿ ಕೊಡಬೇಕಾ ಸರ್?" ಎಂದಳು ಅಂಗಡಿಯ ಹೆಣ್ಣುಮಗಳು.

"ಬೇಡ ಬೇಡ," ಎಂದ ಹಾರ್ಲನ್.

"ಐದು ನಿಮಿಷದ ಕೆಲ್ಸ ಅಷ್ಟೇ."

"ಛೆ, ತೊಂದ್ರೆ ತಗೋಬೇಡಿ."

"ಆಯ್ತು ಹಾಗಾದ್ರೆ," ಎಂದು ಅವಳು ಮುಂದಿನ ಗಿರಾಕಿಯತ್ತ ತಿರುಗಿದಳು. ಯಾವುದೋ ದೂರದ ಊರಿನಿಂದ ಬಂದವಳಿರಬೇಕು. ಮೂರನೆಯ ಸಲ ಕೇಳಿಯಾಳೆಂದು ಹಾರ್ಲನ್ ಡಬ್ಬಿಯನ್ನು ತಬ್ಬಿಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ. ಹಿಂದಿನವರು ಕೆಮ್ಮಿದ ಮೇಲೆ ಹೊರಟ.

ಮನೆಯ ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನೆಲ್ಲ ಹರವಿಕೊಂಡು ಕೂತ. ಚೌಕಟ್ಟಿನ ಒಂದು ಬದಿಗೆ 'ಮುಂದೆ' ಎಂದು ಚೀಟಿ ಅಂಟಿಸಿದ್ದರು. ಮೆಟ್ಟಿಲು ಇದ್ದದ್ದೂ ಅದೇ ಬದಿಗೆ. ಇನ್ನೊಬ್ಬನಾಗಿದ್ದರೆ ಸುಮ್ಮನೆ ಬೆನ್ನೊರಗನ್ನು ಎದುರು ಬದಿಗೆ ಜೋಡಿಸಿ ಎದ್ದು ಹೋಗುತ್ತಿದ್ದ. ಹಾರ್ಲನ್ ಯೋಚನೆ ಮಾಡಿದ. ಅಲ್ಲಿಗೇ ಕೆಲಸ ಕೆಟ್ಟಿತು.

ಮುಂದೆ ಸರಿ, ಯಾರ ಮುಂದೆ? ಕುರ್ಚಿಯ ಮುಂದೆಯೋ, ಹತ್ತುವವನ ಮುಂದೆಯೋ? ಅವನಿಗೆ ತಿಳಿದಿದ್ದ ಹಾಗೆ, ಹತ್ತಿ ಕೂರುವ ವಸ್ತುಗಳಲ್ಲೆಲ್ಲ ಹಿರಿಯದು ಟ್ರ್ಯಾಕ್ಟರು. ಅಪ್ಪನ ಹಳೆಯ ಟ್ರ್ಯಾಕ್ಟರನ್ನು ಎಂದಾದರೂ ಯಾರಾದರೂ ಮೂತಿಯ ಕಡೆಯಿಂದ ಹತ್ತಿದ್ದುಂಟೇ? ಹಿಂದಿನಿಂದ ಹತ್ತಬೇಕು, ಆಸನದ ಬೆನ್ನು ದಾಟಿ ಕಾಲು ಹಾಕಬೇಕು, ಮುಂದಕ್ಕೆ ಮುಖಮಾಡಿ ಕೂರಬೇಕು. ಹತ್ತುವವನ ಮುಂದೆ ಮೊದಲು ಬರುವುದು ಬೆನ್ನೊರಗೇ. ಆದ್ದರಿಂದ 'ಮುಂದೆ' ಎಂದರೆ ಬೆನ್ನೊರಗಿನ ಕಡೆ. ಈ ತರ್ಕದಲ್ಲಿ ಕೂದಲೆಳೆಯಷ್ಟೂ ಬಿರುಕು ಕಾಣದೆ, ಹಾರ್ಲನ್ ಬೆನ್ನೊರಗನ್ನು ಮೆಟ್ಟಿಲುಗಳ ನೆತ್ತಿಯ ಮೇಲೆ ನೆಟ್ಟು ಬೋಲ್ಟುಗಳನ್ನು ಬಿಗಿದ. ಹೊಳೆಯುವ ಕಾಲುಗಳ ಮೇಲೆ, ಕೆಂಪು ಆಸನ ಹೊತ್ತು, ಅಡುಗೆಮನೆಯ ಟ್ರ್ಯಾಕ್ಟರು ಸಿದ್ಧವಾಯಿತು.

ಪಕ್ಕದ ಮನೆಯ ಮೈರನ್ ಕಾಫಿ ಲೋಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಏನೋ ಮಾಡ್ತಿದೀಯ."

"ಏನೋ ಮಾಡ್ತಿದೀನಿ."

ಮೈರನ್ ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಮತ್ತೊಂದು ಬಂದ. "ಮೆಟ್ಲು ಆ ಕಡೆಗಿದೆ."

"ಆ ಕಡೇಗೇನೇ."

"ಒರಗೋದೂ ಆ ಕಡೇಗೇ."

"ಅದೂ ಆ ಕಡೇಗೇ ಕಣಯ್ಯ."

ಮೈರನ್ ಒಂದು ಗುಟುಕು ಕಾಫಿ ಕುಡಿದು ಬಹಳ ಹೊತ್ತು ಆಕಾಶ ನೋಡಿದ. "ಹ್ಞೂಂ. ಬೇರೆ ಥರ ಇದೆ," ಎಂದ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಲ್ಸ್‌ಬಿಯಲ್ಲಿ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ. ಸಾರಿನಲ್ಲಿ ಇಲಿ ಬಿದ್ದಿದ್ದರೂ ಬಡಿಸಿದವರ ಮುಖ ನೋಡಿ "ಬೇರೆ ಥರ ಇದೆ" ಎಂದು ಚಮಚ ಕೆಳಗಿಡುತ್ತಾರೆ. ಅದಕ್ಕಿಂತ ಕಠೋರವಾದ ಬೈಗುಳ ಅವರ ಬಾಯಿಂದ ಹೊರಟದ್ದಿಲ್ಲ. ಹಾರ್ಲನ್ ಕೂಡ ಜೀವಮಾನವಿಡೀ ಈ ಮಾತನ್ನು ಇತರರ ಮೇಲೆ ಪ್ರಯೋಗಿಸಿದವನೇ. ಆದರೆ ತಾನು ಮಾಡಿದ ವಸ್ತುವಿನ ಬಗ್ಗೆ ಕೇಳಿದಾಗ ಅದು ಅವನ ಕಿವಿಗೆ ಬೇರೆಯೇ ಥರ ಬಿತ್ತು. ಮೈರನ್ ಮೆಚ್ಚಿಕೊಂಡುಬಿಟ್ಟನಲ್ಲ!

ಆರ್ಡಿಸ್ ಅಡುಗೆಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಕುರ್ಚಿಯನ್ನು ದಿಟ್ಟಿಸಿದಳು. ಹಾರ್ಲನ್ ಹತ್ತಿ ತೋರಿಸಿದ. ಕೊಕ್ಕರೆಯಂಥ ಅವನ ಕಾಲುಗಳಿಗೆ ಆ ಗಿಡ್ಡ ಬೆನ್ನೊರಗು ಒಂದು ಲೆಕ್ಕವೇ? ಸಲೀಸಾಗಿ ದಾಟಿ ನಿಂತ. ಈಗ ಆರ್ಡಿಸ್‌ಳ ಸರದಿ. ಎರಡು ಮೆಟ್ಟಿಲು ಹತ್ತಿದಳು. ಬೆನ್ನೊರಗು ಕೋಟೆಯ ಗೋಡೆಯಂತೆ ಅಡ್ಡ ನಿಂತಿತು. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಪಾಟಿನ ಹಿಡಿ ಹಿಡಿದು, ಕುದುರೆ ಏರುವವಳ ಹಾಗೆ ಒಂದು ಕಾಲನ್ನು ಆಚೆ ಎಸೆದಳು. ಒಂದು ಕಾಲು ಆಚೆ, ಒಂದು ಕಾಲು ಈಚೆ.

"ಹೇಗಿದೆ?"

ಆರ್ಡಿಸ್ ಕೆಳಗೆ ನೋಡಿದಳು. ನಲ್ಲಿ ರಿಪೇರಿಯ ದಿನ ನೆಲಮಾಳಿಗೆಯಲ್ಲಿ ಪ್ಯಾಂಟು ಮಡಚಿಕೊಂಡು ಆಲೂಗಡ್ಡೆ ಹೆಕ್ಕುತ್ತಿದ್ದ ಅದೇ ಮುಖ, ಈಗ ಹಬ್ಬದ ದೀಪದಂತೆ ಬೆಳಗುತ್ತಿತ್ತು.

"ಎಟಕುತ್ತೆ," ಎಂದಳು. ಅದು ನಿಜವೂ ಆಗಿತ್ತು.

ಆ ವಾರ ಹಾರ್ಲನ್‌ನ ಮನೆಗೆ ಬಂದವರಾರೂ ಕುರ್ಚಿ ನೋಡದೆ ಹೋಗಲಿಲ್ಲ. ಅಂಚೆಯಾಕೆ ನೋಡಿದಳು, ಗೋದಾಮಿನ ಹಳೆಯ ಸಂಗಾತಿಗಳು ನೋಡಿದರು. ಎಲ್ಲರೂ ಒಂದು ಸುತ್ತು ಬಂದು, ಗಲ್ಲ ಕೆರೆದು, ಬೇರೆ ಥರ ಇದೆ ಎಂದರು. ಹಾರ್ಲನ್ ಕಣ್ಣು ಕೆಳಗೆ ಮಾಡಿ, "ಎಲ್ರೂ ಹಾಗೇ ಅಂತಾರಪ್ಪ," ಎಂದು ವಿನಯದಿಂದ ಹೇಳುತ್ತಿದ್ದ.

ಗುರುವಾರ ಲವಾನ್ ಬಂದಳು. ಲೂಥರನ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಆಕೆಯೇ ಮಹಾರಾಣಿ. ಪಾಸ್ಟರುಗಳು ಬರುತ್ತಾರೆ, ಹೋಗುತ್ತಾರೆ. ಆ ಅಡುಗೆಮನೆಯ ಬೀಗದ ಕೈ ಲವಾನ್‌ಳ ಕೊರಳಲ್ಲೇ ಇರುತ್ತದೆ. ಭಾನುವಾರದ ಪ್ರಾರ್ಥನೆಯಾದ ಮೇಲೆ ಚರ್ಚಿನಲ್ಲಿ ವರ್ಷದ ಲುಟೆಫಿಸ್ಕ್ ಊಟವಿತ್ತು. ಕ್ಷಾರದ ನೀರಿನಲ್ಲಿ ನೆನೆಸಿ ನೆನೆಸಿ ಲೋಳೆಯಂತಾದ ಒಣಮೀನಿನ ಊಟ ಅದು. ಆರ್ಡಿಸ್‌ಳ ದೊಡ್ಡ ಪಾತ್ರೆ ಒಯ್ಯಲು ಬಂದಿದ್ದ ಲವಾನ್, ಅದನ್ನು ಇಳಿಸಲು ಆರ್ಡಿಸ್ ಕುದುರೆ ಏರಿದ ಪರಿಯನ್ನು ಕಣ್ಣಾರೆ ಕಂಡಳು.

"ಬೇರೆ ಥರ ಇದೆ," ಎಂದಳು, ಉಸಿರು ಬಿಗಿಹಿಡಿದು.

"ಚರ್ಚಿಗೂ ಇಂಥದ್ದೊಂದು ಮಾಡ್ಕೊಡ್ತೀನಿ," ಎಂದ ಹಾರ್ಲನ್.

"ಅಯ್ಯೋ ಬೇಡ ಬೇಡ!" ಲವಾನ್ ಬೇಡ ಎಂದದ್ದು ಮನಸ್ಸಿನ ತಳದಿಂದ. ಆದರೆ ಅಲ್ಲಿ ಮನಸಾರೆ ಬೇಡ ಎಂದರೂ, ಮರ್ಯಾದೆಗೆ ಬೇಡ ಎಂದರೂ ಕೇಳುವವರಿಗೆ ಒಂದೇ.

"ನನ್ನ ಕಾಣಿಕೆ ಅಂದ್ಕೊಳ್ಳಿ."

"ನಮ್ಗೆ ಹೇಗೋ ನಡೀತಿದೆ ಹಾರ್ಲನ್. ನಿಜವಾಗ್ಲೂ."

"ಮೇಲಿನ ಸಾಲಿನ ಕಾಫಿ ಹಂಡೆಗೆ ನೀವು ಪಡೋ ಪಾಡು ನಂಗೊತ್ತಿಲ್ವಾ? ಮಾಡ್ಕೊಡ್ತೀನಿ ಬಿಡಿ."

ಅದು ಮೂರನೆಯದು. ಲವಾನ್ ಸಹಾಯಕ್ಕಾಗಿ ಆರ್ಡಿಸ್‌ಳನ್ನು ನೋಡಿದಳು. ಆರ್ಡಿಸ್ ಪಾತ್ರೆಯ ಒಳಗೆ ನೋಡಿದಳು. ಹತ್ತು ಜನರೆದುರು ಮೀನಿನ ಮುಳ್ಳು ನುಂಗಿದವಳಂತೆ ಲವಾನ್ ಹೇಳಿದಳು: "ಸರಿ ಹಾಗಾದ್ರೆ. ದೊಡ್ಡ ಉಪಕಾರ ಆಯ್ತು."

ಎರಡನೆಯ ಕುರ್ಚಿಯನ್ನು ಹಾರ್ಲನ್ ಚೀಟಿ ಗೀಟಿ ನೋಡದೆ ಜೋಡಿಸಿದ. ಈಗ ಅವನು ಅನುಭವಸ್ಥ. ಶನಿವಾರ ಅದನ್ನು ಚರ್ಚಿಗೆ ತಲುಪಿಸಿದ. ಅಂದು ಸಂಜೆಯೇ ಲವಾನ್ ಅಡುಗೆ ತಂಡದ ಹೆಂಗಸರಿಗೆಲ್ಲ ಫೋನು ಮಾಡಿ, ನಾಳೆ ಯಾರೂ ಲಂಗ ಉಟ್ಟು ಬರಕೂಡದು, ಎಲ್ಲರೂ ಪ್ಯಾಂಟು ಹಾಕಿಕೊಂಡು ಬರಬೇಕೆಂದು ಅಪ್ಪಣೆ ಹೊರಡಿಸಿದಳು. ಯಾಕೆಂದು ಕೇಳಿದವರಿಗೆ "ನೆಲ ತಣ್ಣಗಿದೆ" ಎಂದಳು.

ಭಾನುವಾರ ಊಟ ಜೋರಾಗಿ ನಡೆದಿತ್ತು. ಒಳಗೆ ಅಡುಗೆಮನೆಯಲ್ಲಿ ಸಭ್ಯ ಕುಟುಂಬದ ಹೆಂಗಸರು ಒಬ್ಬರಾದ ಮೇಲೊಬ್ಬರು ಕುದುರೆ ಏರಿ ಇಳಿಯುತ್ತಿದ್ದರು. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಮಧ್ಯದಲ್ಲಿ ಸಿಕ್ಕಿಕೊಂಡು, ಇಳಿಸಿಕೊಳ್ಳುವವರು ಬರುವವರೆಗೆ ಅಲ್ಲೇ ಕೂತು ಆಲೂಗಡ್ಡೆ ಸುಲಿದಳು. ಯಾರ ಬಾಯಿಂದಲೂ ಒಂದು ಸೊಲ್ಲು ಹೊರಡಲಿಲ್ಲ. ಅಷ್ಟರಲ್ಲಿ, ಬೇಸಿಗೆಯಲ್ಲಷ್ಟೇ ನೇರ ಮಾತಿನ ನ್ಯೂಜೆರ್ಸಿಯಿಂದ ವರ್ಗವಾಗಿ ಬಂದಿದ್ದ ಪಾಸ್ಟರಮ್ಮ, ರೋಸಾನ್, ಬೆಣ್ಣೆ ಕೇಳಲು ಒಳಗೆ ಕಾಲಿಟ್ಟರು. ಲವಾನ್ ಕಾಫಿ ಹಂಡೆಯನ್ನು ತಬ್ಬಿಕೊಂಡು, ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ, ದಂಡಯಾತ್ರೆಗೆ ಹೊರಟ ರಾಣಿಯಂತೆ ಮೇಲಿದ್ದಳು.

"ಅಯ್ಯೋ ದೇವರೇ!" ಪಾಸ್ಟರಮ್ಮನ ಗಂಟಲು ಮೈಕು ಬೇಡದ ಗಂಟಲು. "ಇದನ್ನ ಯಾರ್ರೀ ಉಲ್ಟಾ ಜೋಡ್ಸಿದ್ದು?"

ಹೊರಗೆ ಊಟದ ಕೋಣೆಯಲ್ಲಿ ಫೋರ್ಕುಗಳು ನಿಂತವು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದವನು ಹಾರ್ಲನ್.

"ಉಲ್ಟಾ ಏನಿಲ್ಲ ಪಾಸ್ಟರಮ್ಮ," ಲವಾನ್ ಮೇಲಿನಿಂದಲೇ ತಡವರಿಸಿದಳು. "ಬೇರೆ ಥರ ಇದೆ ಅಷ್ಟೇ."

"ಬೇರೆ ಥರ ಏನು ಬಂತು! ಬಿದ್ರೆ ಸೊಂಟ ಹೋಗುತ್ತೆ. ನಾಲ್ಕು ಬೋಲ್ಟು ಬಿಚ್ಚಿ ತಿರುಗಿಸಿದ್ರೆ ಮುಗೀತು. ಯಾರಾದ್ರೂ ಹೇಳೋದಲ್ವಾ?"

"ಹೇಳೋದಾ!" ಎಂದಳು ಲವಾನ್, ಪಾಸ್ಟರಮ್ಮ ಏನೋ ಅಶ್ಲೀಲ ಮಾತಾಡಿದ ಹಾಗೆ.

"ಹೇಳ್ಬೇಕು ಅಂತಾನೇ ಇದ್ವಿ ಪಾಸ್ಟರಮ್ಮ," ಎಂದ ಹಿಂದಿನಿಂದ ಮೈರನ್. "ಮುಂದಿನ ವರ್ಷದ ಈಸ್ಟರ್ ಹಬ್ಬ ಕಳೀಲಿ ಅಂತಿದ್ವಿ."

ಹಾರ್ಲನ್‌ಗೆ ಆ ವಾರವೆಲ್ಲ ಕೇಳಿದ 'ಬೇರೆ ಥರ'ಗಳು ಒಂದೊಂದಾಗಿ ಕಿವಿಯಲ್ಲಿ ಮತ್ತೆ ಮೊಳಗಿದವು. ಈ ಸಲ ಸರಿಯಾದ ಅರ್ಥದಲ್ಲಿ. ತಟ್ಟೆಯಲ್ಲಿದ್ದ ಲುಟೆಫಿಸ್ಕ್ ತಾನಾಗಿ ನಡುಗುವ ತಿನಿಸು. ನಡುಗುವ ಕೆಲಸವನ್ನು ಅದಕ್ಕೇ ಬಿಟ್ಟು, ಹಾರ್ಲನ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.

ಮನೆಗೆ ಹೋಗುವಾಗ ಹಾರ್ಲನ್ ಟ್ರಕ್ಕನ್ನು ಎಂದಿಗಿಂತ ನಿಧಾನವಾಗಿ ಓಡಿಸಿದ.

"ನಿಂಗೆ ಗೊತ್ತಿತ್ತಾ?" ಎಂದ ಹಾರ್ಲನ್ ಕೊನೆಗೆ.

ಆರ್ಡಿಸ್ ಕಟಾವಾದ ಜೋಳದ ಹೊಲಗಳನ್ನು ನೋಡುತ್ತಿದ್ದಳು. "ಎಟಕ್ತಿತ್ತಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಚ್ತಿದ್ದೆ. ಬಿಚ್ಚಿದ್ರೆ ಜೋಡ್ಸೋಕೆ ಡ್ವೇನ್ ಬರ್ಬೇಕಾಗ್ತಿತ್ತು. ಬಂದವನು ಕಪಾಟಿನ ಮಾತು ತೆಗೀತಿದ್ದ." ಮತ್ತೆ ಹೊಲಗಳತ್ತ ತಿರುಗಿ, "ನಂಗೇನು, ವ್ಯಾಯಾಮ ಆಗ್ತಿತ್ತು ಬಿಡು," ಎಂದಳು.

ಮನೆಗೆ ಬಂದವನೇ ಹಾರ್ಲನ್ ಚರ್ಚಿನ ಕೋಟನ್ನೂ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕುರ್ಚಿಯನ್ನು ಮಗುಚಿಕೊಂಡು ಕೂತ. ಬೋಲ್ಟು ತಿರುಗಿಸಿದರೆ ಆಚೆ ಬದಿಯ ನಟ್ಟೂ ಅದರೊಂದಿಗೇ ತಿರುಗುತ್ತಿತ್ತು. ಎಡಗೈಯಿಂದ ಹಿಡಿದ, ಹಲ್ಲಿನಿಂದ ಹಿಡಿಯಲು ನೋಡಿದ, ಮೊಣಕಾಲಿನಿಂದ ಒತ್ತಿ ನೋಡಿದ. ಕಡೆಗೆ ಸ್ಪ್ಯಾನರನ್ನು ಕೆಳಗಿಟ್ಟ.

"ಆರ್ಡಿಸ್, ಸ್ವಲ್ಪ ಸಹಾಯ ಮಾಡ್ತೀಯಾ?"

ಇಂಥ ಮಾತನ್ನು ಆ ಮನೆಯ ಗೋಡೆಗಳು ಕೇಳಿದ್ದು ಅದೇ ಮೊದಲು. ಬೇಕಾದವರು ಬಾಯಿಬಿಟ್ಟು ಕೇಳುವ ಪದ್ಧತಿ ಅಲ್ಲಿಲ್ಲ. ಆರ್ಡಿಸ್ ಕೂಡ ಪದ್ಧತಿಯಂತೆ 'ನಂಗೇನು ಬರುತ್ತೆ' ಎನ್ನಬೇಕಿತ್ತು. ಎನ್ನಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಸರಿಪಡಿಸಿಕೊಂಡು ನೆಲದ ಮೇಲೆ ಕೂತು ನಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಫೋನು ಹೊಡೆದುಕೊಂಡಿತು. ಚರ್ಚಿನ ಸುದ್ದಿ ಪಕ್ಕದೂರು ಮುಟ್ಟಲು ಅಷ್ಟು ಹೊತ್ತು ಸಾಕಾಗಿತ್ತು. ಆರ್ಡಿಸ್ ಒಂದು ಕೈಯಲ್ಲಿ ನಟ್ಟನ್ನು ಬಿಡದೆ, ಇನ್ನೊಂದು ಕೈಯಿಂದ ಫೋನನ್ನು ಎಳೆದು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಡ್ವೇನ್‌ನ ದನಿ ಹಾರ್ಲನ್‌ಗೂ ಕೇಳಿಸುವಷ್ಟು ಜೋರಾಗಿತ್ತು.

"ಆರ್ಡಿಸ್, ಕೇಳ್ಪಟ್ಟೆ. ಆ ಕುರ್ಚಿ ಸಹವಾಸ ಬಿಡು. ನಾಳೆ ಬೆಳಿಗ್ಗೇನೇ ಬಂದು ಕಪಾಟು ಕಿತ್ತು ಕೆಳಗೆ ಮಾಡ್ಕೊಡ್ತೀನಿ."

ಹಾರ್ಲನ್ ತಲೆ ತಗ್ಗಿಸಿದ. ಇನ್ನೇನೂ ಉಳಿದಿರಲಿಲ್ಲ. ಕಪಾಟುಗಳತ್ತ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಆರ್ಡಿಸ್ ನೋಡಿದಳು.

"ಬೇಡ ಡ್ವೇನ್."

ಪಾಪ, ಅತ್ತಿಗೆ ಎಣಿಕೆ ತಪ್ಪಿದಳೆಂದು ಡ್ವೇನ್ ಅಂದುಕೊಂಡ.

"ಆರ್ಡಿಸ್, ಇದು ಮೂರನೇ ಸಲ."

"ಗೊತ್ತು. ನಾನೂ ಎಣಿಸಿದೀನಿ. ಬೇಡ. ನನ್ನ ಕಪಾಟು ಇದ್ದಲ್ಲೇ ಇರ್ಲಿ. ಕಾರ್ಲಾಗೆ ಕೇಳ್ದೆ ಅಂತ ಹೇಳು." ಫೋನನ್ನು ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ತಿರುಗ್ಸು. ಬೆರಳು ನೋಯ್ತಿದೆ."

ಹಾರ್ಲನ್ ತಿರುಗಿಸಿದ. ಕಣ್ಣು ಮಂಜಾಗಿದ್ದರಿಂದ ಎರಡು ಸಲ ತಪ್ಪು ಕಡೆಗೆ ತಿರುಗಿಸಿದ. ಆರ್ಡಿಸ್ ಎರಡು ಸಲವೂ ಬಾಯಿಬಿಟ್ಟು ಹೇಳಿದಳು.

ಮೂರನೆಯ ಸಲವೂ ಬೇಡ ಎಂದ ಸುದ್ದಿ ಹಾಲ್ಸ್‌ಬಿಯನ್ನು ನಡುಗಿಸಿಬಿಟ್ಟಿತು. ಟ್ವೇಟ್ ಮನೆಯಲ್ಲಿ ದೊಡ್ಡ ಜಗಳವಂತೆ ಎಂದರು ಕೆಲವರು. ಜಗಳವಲ್ಲ, ಯಾರೋ ತೀರಿಕೊಂಡಿದ್ದಾರೆ ಎಂದರು ಇನ್ನು ಕೆಲವರು. ಇಲ್ಲದಿದ್ದರೆ ಆರ್ಡಿಸ್‌ಳಂಥ ಆರ್ಡಿಸ್ ಹಾಗೆ ಮಾತಾಡುವುದುಂಟೇ? ಇಂಥ ಹೊತ್ತಿನಲ್ಲಿ ಆ ಊರಿನವರಿಗೆ ಗೊತ್ತಿರುವ ಉಪಾಯ ಒಂದೇ: ಹಾಟ್‌ಡಿಶ್. ಮಾಂಸ, ಆಲೂಗಡ್ಡೆ, ಅಣಬೆಯ ಸೂಪು ಎಲ್ಲ ಸೇರಿಸಿ ಒಲೆಯಲ್ಲಿಟ್ಟು ಬೇಯಿಸಿದ, ಎಲ್ಲ ದುಃಖಕ್ಕೂ ಹೊಂದುವ ತಿನಿಸು. ಸೋಮವಾರ ಮಧ್ಯಾಹ್ನದೊಳಗೆ ಮೇಜು ತುಂಬಿತು.

ಮೈರನ್ ತನ್ನ ಪಾತ್ರೆಯನ್ನು ಹಾರ್ಲನ್‌ನ ಕೈಗಿಟ್ಟು ಟೋಪಿ ತೆಗೆದ. "ಯಾರು ಅಂತ ಗೊತ್ತಿಲ್ಲ. ಯಾರೇ ಆಗಿದ್ರೂ ತುಂಬಾ ಒಳ್ಳೆಯವರಾಗಿದ್ರು."

"ಯಾರೂ ಇಲ್ಲ ಕಣೋ, ಎಲ್ಲಾ ಬದುಕಿದೀವಿ."

"ಹಾಗೇ ಧೈರ್ಯವಾಗಿರ್ಬೇಕು," ಎಂದು ಅವನ ಬೆನ್ನು ತಟ್ಟಿ ಹೋದ.

ಮೇಜಿನಲ್ಲಿ ಜಾಗ ಸಾಲದೆ, ಆರ್ಡಿಸ್ ತೊಳೆದ ಪಾತ್ರೆಗಳನ್ನು ಮೇಲಿನ ಸಾಲಿಗೆ ಸೇರಿಸಲು ಕುರ್ಚಿಯ ಮೆಟ್ಟಿಲು ಎಳೆದಳು. ಒಂದು, ಎರಡು, ಆಮೇಲೆ ಕೆಂಪು ಆಸನ. ಅಡ್ಡ ಏನೂ ಇರಲಿಲ್ಲ. ಎರಡು ಕಾಲನ್ನೂ ಒಂದೇ ಕಡೆ ಊರಿ ನೆಟ್ಟಗೆ ನಿಂತಳು. ಇಷ್ಟು ವರ್ಷ ಆ ಎತ್ತರದಲ್ಲಿ ಬೀಳದಂತೆ ನೋಡಿಕೊಳ್ಳುವುದೇ ಕೆಲಸವಾಗಿತ್ತು. ಈಗ ನಿಧಾನವಾಗಿ ಸುತ್ತ ಕಣ್ಣಾಡಿಸಿದಳು. ಕೆಳಗಿನಿಂದ ಹಾರ್ಲನ್ ಒಂದೊಂದೇ ಪಾತ್ರೆ ಎತ್ತಿ ಕೊಡುತ್ತಿದ್ದ.

"ಹಾರ್ಲನ್."

"ಏನು?"

"ನಿನ್ನ ನಡುನೆತ್ತಿ ಬೋಳಾಗಿದೆ."

ಹಾರ್ಲನ್ ಪಾತ್ರೆಯನ್ನು ಎದೆಗವಚಿಕೊಂಡು ಇನ್ನೊಂದು ಕೈಯಿಂದ ತಲೆ ಮುಟ್ಟಿ ನೋಡಿದ. "ಎಷ್ಟು ದಿನದಿಂದ?"

"ನಂಗೇನು ಗೊತ್ತು? ನಾನು ಇವತ್ತೇ ತಾನೇ ಮೇಲೆ ಬಂದಿದ್ದು," ಎಂದು ಆರ್ಡಿಸ್ ಮುಂದಿನ ಪಾತ್ರೆಗೆ ಕೈಚಾಚಿದಳು.